ಸರ್ಕಾರಿ ಶಾಲೆ ಸುಧಾರಿಸಲು ಪಾಲಕರೇ ಮುಂದೆ ನಿಲ್ಲಬೇಕೇ?

ಪರ: ಆ ಬಾಗಿಲು ನಮಗೆ ಕಂಡಿರಲಿಲ್ಲ

ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ. ನಾನು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ. ಮೊದಲ ಎರಡು ಸಭೆಗಳಲ್ಲಿ ನಾವು ಗಂಡಸರು ಗೇಟಿಗೆ ಕಮಾನು ಕಟ್ಟಿಸೋದು, ಗೋಡೆಗೆ ಬಣ್ಣ ಹೊಡೆಸೋದು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಮೂರನೇ ಸಭೆಯಲ್ಲಿ, ಗೋಡೆಗೆ ಒರಗಿ ಕೂತಿದ್ದ ತಾಯಿಯೊಬ್ಬರು ಬಾಯಿ ಬಿಟ್ಟರು.

"ಸರ, ಹುಡುಗ್ಯಾರ ಪಾಯಖಾನಿ ಬಾಗಲಕ್ಕ ಚಿಲಕಾನ ಇಲ್ರಿ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗಲಾ ಹಿಡಕೊಂಡು ನಿಂದರಬೇಕು."

ಯಾರೂ ಮಾತಾಡಲಿಲ್ಲ. ಮನೆಗೆ ಹೋಗಿ ಮಗಳನ್ನು ಕೇಳಿದೆ. ಅವಳು ಸಹಜವಾಗಿ ಹೇಳಿದಳು, "ಹೌದು ಪಪ್ಪಾ, ನಾವು ಮಧ್ಯಾಹ್ನದ ತನಕ ನೀರು ಕುಡಿಯೂದಿಲ್ಲ." ಮರುದಿನ ನಾನೇ ಪೇಟೆಗೆ ಹೋಗಿ ಚಿಲಕ, ಸ್ಕ್ರೂ ತಂದೆ. ಹಾಕಲು ಅರ್ಧ ಗಂಟೆ ಸಾಕಾಯಿತು. ತಪಾಸಣೆಗೆ ಬಂದ ಯಾರ ಕಣ್ಣಿಗೂ ಅದು ಅಷ್ಟು ದಿನ ಬಿದ್ದಿರಲಿಲ್ಲ. ಆ ಬಾಗಿಲ ಒಳಗೆ ಅವರು ಯಾಕೆ ಹೋಗುತ್ತಾರೆ, ಅಲ್ವಾ?

ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಡೀ ದೇಶಕ್ಕೇ ಇಂಥ ಸಮಿತಿ ಬೇಕು ಅಂದಿತು. ಅದರಲ್ಲಿ ಶೇ 75ರಷ್ಟು ಜನ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಈ ಅರ್ಧದ ಲೆಕ್ಕ ಯಾಕೆ ಇಟ್ಟಿದ್ದಾರೆ ಅಂತ ನನಗೆ ಅವತ್ತು ತಿಳಿಯಿತು.

ಬಿಸಿಯೂಟದ್ದೂ ಹಾಗೇ. ಈಗ ಇಬ್ಬರು ತಾಯಂದಿರು ಸರದಿಯ ಮೇಲೆ ಬಂದು ಅಕ್ಕಿ ನೋಡುತ್ತಾರೆ, ಸಾರಿನ ರುಚಿ ನೋಡುತ್ತಾರೆ. ಅಡುಗೆಯವರಿಗೂ ಅದರಿಂದ ಬಲ ಬಂದಿದೆ. ಹುಳ ಬಿದ್ದ ಬೇಳೆ ಬಂದರೆ ಬೇಡ ಅನ್ನಲು ಜೊತೆಗೆ ಜನ ಇದ್ದಾರೆ.

ಇನ್ನೊಂದು ಮಾತು. ಕನ್ನಡ ಶಿಕ್ಷಕರು ವರ್ಗವಾಗಿ ಹೋದಾಗ ಹೆಡ್‌ಮಾಸ್ತರ್ ಎರಡು ಪತ್ರ ಬರೆದರು, ಉತ್ತರ ಬರಲಿಲ್ಲ. ಹದಿನೈದು ಪಾಲಕರು ಟಂಟಂ ಮಾಡಿಕೊಂಡು ಕಚೇರಿಗೆ ಹೋಗಿ ನಿಂತೆವು. ಆ ತಿಂಗಳೊಳಗೇ ಅತಿಥಿ ಶಿಕ್ಷಕಿ ಬಂದರು. ನೌಕರಿಯಲ್ಲಿ ಇರುವವರು ಮೇಲಿನವರಿಗೆ ಎದುರು ಮಾತಾಡೋದು ಕಷ್ಟ. ನಮಗೆ ಆ ಹೆದರಿಕೆ ಇಲ್ಲ.

ವಿರೋಧ: ಹೆಬ್ಬೆರಳು ಎಲ್ಲಿ ಒತ್ತಲಿ?

ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ಪಾಲಕರು ಶಾಲೆಗೆ ಬರಲಿ, ಕೂರಲಿ, ಕೇಳಲಿ. ಆದರೆ ಶಾಲೆ ಸುಧಾರಿಸುವ ಭಾರವನ್ನೇ ಅವರ ಹೆಗಲಿಗೆ ಹಾಕೋದು ಅನ್ಯಾಯ.

ಆಗಸ್ಟ್‌ನಲ್ಲಿ ನಮ್ಮ ಕಡೆ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಮಳೆ ಹಿಡಿಯುವುದರೊಳಗೆ ಕಾಯಿ ಮನೆ ಸೇರಬೇಕು. ಅದೇ ವಾರ ಸಭೆ ಇಟ್ಟರೆ ಯಾರು ಬರುತ್ತಾರೆ? ಒಂದು ದಿನದ ಕೂಲಿ ಬಿಟ್ಟು ಬೆಂಚಿನ ಮೇಲೆ ಕೂರಬೇಕು. ಅನುಕೂಲ ಇದ್ದವರ ಮಕ್ಕಳು ಹಳದಿ ವ್ಯಾನ್ ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋಗಿಯಾಗಿದೆ. ನಮ್ಮಲ್ಲಿ ಉಳಿದದ್ದು ಕೂಲಿಯವರ ಮಕ್ಕಳು. ಕೆಲವರ ಅಪ್ಪ ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ, ಮಕ್ಕಳು ಅಜ್ಜಿಯ ಹತ್ತಿರ.

ಸಭೆಗೆ ಜನ ಬರದೇ ಇದ್ದಾಗ ನಾನೇ ರಿಜಿಸ್ಟರ್ ಹಿಡಿದು ಮನೆಮನೆಗೆ ಹೋಗಿದ್ದೇನೆ. ಒಂದು ಸಂಜೆ ಒಬ್ಬ ತಾಯಿ ಆಗಷ್ಟೇ ಹೊಲದಿಂದ ಬಂದಿದ್ದಳು. "ಅಕ್ಕೋರ ಬಂದಾರ" ಅಂತ ಮೊದಲು ಚಹಾಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು "ಎಲ್ಲಿ ಒತ್ತಲ್ರೀ?" ಅಂತ ಹೆಬ್ಬೆರಳು ಚಾಚಿದಳು. ಏನು ಬರೆದಿದೆ ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಕಾಗದದ ಮೇಲೆ ಅವತ್ತು ಸಭೆ ನಡೆದಿದೆ, ಅವಳು ಒಪ್ಪಿದ್ದಾಳೆ.

ಇನ್ನು ದುಡ್ಡಿನ ಮಾತು. 2022ರ ಅಕ್ಟೋಬರ್‌ನಲ್ಲಿ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಸುತ್ತೋಲೆ ಬಂತು. ಒತ್ತಾಯವಿಲ್ಲ ಅಂತಲೂ ಇತ್ತು. ವಿರೋಧ ಜೋರಾಗಿ ಕೆಲವೇ ದಿನಗಳಲ್ಲಿ ವಾಪಸ್ ಪಡೆದರು. ಹಳ್ಳಿಯಲ್ಲಿ ಇದ್ದವರಿಗೆ ಗೊತ್ತು, ಯಾರು ಕೊಟ್ಟರು ಯಾರು ಕೊಡಲಿಲ್ಲ ಅನ್ನೋದು ಮೊದಲು ಮಕ್ಕಳ ಕಿವಿಗೇ ಬೀಳುತ್ತದೆ. ಕಡ್ಡಾಯ ಶಿಕ್ಷಣ ಉಚಿತ ಅಂತ ಕಾಯ್ದೆಯೇ ಹೇಳಿರುವಾಗ ಆ ಮಗು ಯಾಕೆ ತಲೆ ತಗ್ಗಿಸಬೇಕು?

ದಾನಿಗಳಿದ್ದಾರಲ್ಲ ಅನ್ನುತ್ತಾರೆ. ಬೆಂಗಳೂರಿನಲ್ಲಿ ದುಡಿಯುವ ಹಳೆ ವಿದ್ಯಾರ್ಥಿಗಳಿರುವ ಊರಿಗೆ ಕಂಪ್ಯೂಟರ್ ಬರುತ್ತದೆ. ಪಕ್ಕದ ತಾಂಡಾಕ್ಕೆ ಯಾರು ತರುತ್ತಾರೆ?

ಎರಡು ವರ್ಷ ಗಣಿತಕ್ಕೆ ಶಿಕ್ಷಕರೇ ಇಲ್ಲದೆ ಎಂಟನೇ ತರಗತಿಗೆ ಬಂದ ಮಕ್ಕಳಿಗೆ ನಾನು ಭಾಗಾಕಾರ ಮೊದಲಿನಿಂದ ಹೇಳಿಕೊಟ್ಟಿದ್ದೇನೆ. ಅವರ ಅವ್ವಂದಿರು ಎಷ್ಟು ಸಭೆಗೆ ಬಂದಿದ್ದರೂ ಆ ಎರಡು ವರ್ಷ ಸಿಗುತ್ತಿರಲಿಲ್ಲ. ಅತಿಥಿ ಶಿಕ್ಷಕಿಯೂ ಮಾರ್ಚ್ ಮುಗಿದರೆ ಮನೆಗೆ ಹೋಗುತ್ತಾಳೆ.

ಆ ಚಿಲಕದ ಮಾತೆತ್ತಿದ ತಾಯಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಪಾಯಖಾನೆ ಕಟ್ಟಿದ ದಿನ ಯಾರೋ ಒಬ್ಬರು ಬಂದು ನೋಡಿ, ಕೆಲಸ ಸರಿಯಾಗಿ ಮುಗಿದಿದೆ ಅಂತ ಸಹಿ ಹಾಕಿದ್ದಾರೆ. ಬಿಲ್ಲೂ ಆಗಿದೆ. ಪೇಟೆಗೆ ಹೋಗಿ ಚಿಲಕ ತರಬೇಕಾದವರು ಅವರಲ್ಲವೇ?