ಲಾಬಿಯ ಪಾಮಿಗೆ ಮೈ ಸರಿಯಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು ಈ ವಾರ ಶೋಕದಲ್ಲಿದೆ. ಲಿಫ್ಟಿನ ಪಕ್ಕದ ಕುಂಡದಲ್ಲಿರುವ ಅರೇಕಾ ಪಾಮಿನ ಒಂದು ಎಲೆ ಹಳದಿಯಾಗಿದೆ. ಫೋಟೊ ಬಿದ್ದದ್ದೇ ತಡ, ಪಂಡಿತರೆಲ್ಲ ಎದ್ದು ಕುಳಿತರು. ನೀರು ಹೆಚ್ಚಾಗಿದೆ ಎಂದರು ಒಬ್ಬರು, ಕಡಿಮೆಯಾಗಿದೆ ಎಂದರು ಇನ್ನೊಬ್ಬರು. ಎಲೆಗೆ ಹಾಲು ಸವರಿ ಎಂದವರೂ ಇದ್ದಾರೆ. ಅಕ್ಕಿ ತೊಳೆದ ನೀರು ಹಾಕಿ ಎಂದ ನಾಲ್ಕನೇ ಮಹಡಿಯ ಹಿರಿಯರಿಗೆ ಕಳೆದ ತಿಂಗಳು ಜ್ವರ ಬಂದಿತ್ತು. ಆಗ ಇದೇ ಗುಂಪು ಕೈಮುಗಿದ ಒಂದು ಚಿತ್ರ ಕಳಿಸಿ ಸುಮ್ಮನಾಗಿತ್ತು.

ಸಾಮಾನ್ಯ ಗಿಡವೇ ಅದು? ಒಳಾಂಗಣ ಸಸ್ಯಗಳು ಗಾಳಿಯನ್ನು ಶುದ್ಧ ಮಾಡುತ್ತವೆ ಎಂದು ಸಾಕ್ಷಿ ಹೇಳಲು ನಾಸಾ ಬಂದಿದೆ. 1989ರಲ್ಲಿ ಅವರು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಪರೀಕ್ಷಿಸಿದ್ದರು. ಪೆಟ್ಟಿಗೆಯ ವಿಷಯ ಎಲ್ಲರೂ ಮರೆತರು, ನಾಸಾದ ಹೆಸರು ಮಾತ್ರ ನರ್ಸರಿಯ ಬೆಲೆಚೀಟಿಗೆ ಅಂಟಿಕೊಂಡಿತು. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಕಟ್ಟಡದೊಳಗೆ ಸಹಜವಾಗಿ ಗಾಳಿ ಬಂದುಹೋಗುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಂತೆ. ಹಾಗೆ ಮಾಡಿದರೆ ಮನೆಯಲ್ಲಿ ಪಾಮ್ ಇರುತ್ತದೆ, ನಾವು ಮೆಟ್ಟಿಲ ಮೇಲೆ ಮಲಗಬೇಕು. ಕಿಟಕಿ ತೆರೆಯಬಹುದಲ್ಲ ಎಂದು ಗುಂಪಿನಲ್ಲಿ ಬರೆದೆ. ದೂಳು ಬರುತ್ತದೆ ಎಂದರು.

ಅಷ್ಟರಲ್ಲಿ ಕೊಪ್ಪದಿಂದ ಚಿಕ್ಕಪ್ಪ ಬಂದರು. ಅರೇಕಾ ಎಂದರೆ ಅಡಿಕೆ ಎಂಬುದು ಅವರಿಗೆ ಗೊತ್ತು. ಕುಂಡದ ಸುತ್ತ ಒಂದು ಸುತ್ತು ಬಂದು, "ಯಾವಾಗ ಕೊನೆ ಬಿಡುತ್ತದೆ ಮಾರಾಯ?" ಎಂದು ಕೇಳಿದರು. ಇದು ಅಡಿಕೆಯಲ್ಲ, ಮಡಗಾಸ್ಕರ್ ಮೂಲದ ಬೇರೊಂದು ಜಾತಿ, ಬರೀ ಚಂದಕ್ಕೆ ಎಂದೆ. ಗುಂಪಿನ ಗಲಾಟೆಯನ್ನೂ ತೋರಿಸಿದೆ. ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ತಿಂದುಹಾಕುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ. ಗರಿಯ ತುದಿಯಿಂದ ಹಳದಿ ಇಳಿಯುತ್ತದೆ, ಮಂಡೆ ಸಣ್ಣಗಾಗುತ್ತದೆ, ಅಡಿಕೆಯ ಒಳಗೆ ಕಪ್ಪಾಗುತ್ತದೆ. ಇಂದಿಗೂ ಔಷಧಿಯಿಲ್ಲ. ಅದರ ಮೇಲೆ ಈಗ ಎಲೆಚುಕ್ಕಿ ಬೇರೆ. ಮೊಬೈಲ್ ವಾಪಸು ಕೊಡುತ್ತಾ ಚಿಕ್ಕಪ್ಪ ಹೇಳಿದರು: "ನಮ್ಮ ತೋಟದ ಫೋಟೊವನ್ನೂ ಇದಕ್ಕೆ ಹಾಕು ನೋಡೋಣ. ಇಲ್ಲಿ ತುಂಬಾ ತಿಳಿದವರಿದ್ದಾರೆ."

ಪಾಮಿನ ಕಾಯಿಲೆ ಏನೆಂದು ಅವರೇ ಹೇಳಿದರು. ಲಾಬಿಯಲ್ಲಿ ಬೆಳಕಿಲ್ಲ, ಕುಂಡದ ತಟ್ಟೆಯಲ್ಲಿ ನೀರು ನಿಂತಿದೆ. ಮೇಲ್ಮಣ್ಣು ಎರಡು ಬೆರಳಷ್ಟು ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಗರಿಯ ತುದಿ ಕಂದಾಗಿರುವುದು ಕೊಳವೆಬಾವಿಯ ಉಪ್ಪುನೀರಿನಿಂದ ಇರಬಹುದು. ಇಷ್ಟೂ ಗುಂಪಿಗೆ ಬರೆದೆ. ಸಮಿತಿ ತಕ್ಷಣ ಸ್ಪಂದಿಸಿತು. ಬೆಳಕಿಗೆ ಸರಿಸಲಿಲ್ಲ, ಲಾಬಿಯ ಅಂದ ಕೆಡುತ್ತದೆ. ವಾರಕ್ಕೊಂದು ಕ್ಯಾನ್ ಶುದ್ಧ ನೀರು ಮಂಜೂರಾಯಿತು. ಹಾಕುವ ಕೆಲಸ ಕಾವಲುಗಾರನದು. ಅವನು ಕುಡಿಯುವುದು ನಲ್ಲಿಯ ನೀರು.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಆದರೆ ಗೇಟಿನ ಬಳಿ ಒಂದು ಹೊಂಗೆ ಮರವಿತ್ತು. ಈ ಕಟ್ಟಡಕ್ಕಿಂತ ಹಳೆಯದು. ಅದಕ್ಕೆ ಯಾರೂ ಒಂದು ಚೊಂಬು ನೀರು ಹಾಕಿದವರಲ್ಲ, ಅದೂ ಕೇಳಿರಲಿಲ್ಲ. ಬೇಸಿಗೆಯ ಹೊಸ್ತಿಲಲ್ಲಿ ಹೂವು ಉದುರಿಸುತ್ತಿತ್ತು, ಅದೇ ಅಪರಾಧವಾಯಿತು. ಹೂವು ಕಾರಿನ ಮೇಲೆ ಬೀಳುತ್ತದೆ ಎಂದು ದೂರು ಬಂತು. ಮರ ಕಡಿಯಲು ಅನುಮತಿ ಬೇಕೆಂದು 1976ರಿಂದಲೂ ಕಾಯ್ದೆಯಿದೆ. ಭಾನುವಾರ ಬೆಳಗಿನ ಜಾವ ಗರಗಸದ ಸದ್ದು ಕೇಳಿಸಿತು. ನಾನು ಕೆಳಗಿಳಿಯುವಷ್ಟರಲ್ಲಿ ಬೊಡ್ಡೆ ಉಳಿದಿತ್ತು. ನಾನೂ ಏನೂ ಮಾಡಲಿಲ್ಲ, ಫೋಟೊ ತೆಗೆದೆ. ಗುಂಪಿಗೆ ಹಾಕಿದಾಗ ಒಂದೇ ಒಂದು ಉತ್ತರ ಬಂತು: ಬೊಡ್ಡೆಯನ್ನು ಯಾವಾಗ ತೆಗೆಸುತ್ತೀರಿ?

ಇಂದು ಬೆಳಿಗ್ಗೆ ಹೊಸ ನೋಟಿಸು ಬಂದಿದೆ. ಗೇಟಿನ ಬಳಿ ನಿಲ್ಲಿಸುವ ಕಾರುಗಳು ಬಿಸಿಲಿಗೆ ಕಾದು ಹಂಚಾಗುತ್ತಿರುವುದರಿಂದ ತಗಡಿನ ಚಾವಣಿ ಹಾಕಿಸಲಾಗುವುದು, ಪ್ರತಿ ಮನೆಯವರೂ ತಮ್ಮ ಪಾಲಿನ ಹಣ ಕಟ್ಟತಕ್ಕದ್ದು.