ಸ್ಕ್ರೂಡ್ರೈವರ್ ಹಾಕಿ ಮೀಟಿದ ಪುಣ್ಯಾತ್ಮ

ಹೊಟ್ಟೆ ಉರೀತಿದೆ ಕಣ್ರೀ, ಅದಕ್ಕೇ ಬರೀತಿದ್ದೀನಿ.

ನಂದು 30 ಜಿಬಿ ಐಪಾಡ್. 2005ರಲ್ಲಿ ಬಂತಲ್ಲ, ವಿಡಿಯೋ ಓಡೋ ಐದನೇ ತಲೆಮಾರಿನದು, ಅದು. ಹೋದ ಶನಿವಾರದವರೆಗೂ ಹಾಡ್ತಿತ್ತು. ಬ್ಯಾಟರಿ ಮಾತ್ರ ಸೋತಿತ್ತು: ಮಂಡ್ಯದಲ್ಲಿ ರೈಲು ಹತ್ತಿದ್ರೆ ಪಾಂಡವಪುರ ಬರೋಷ್ಟ್ರಲ್ಲಿ ಮಲಗಿಬಿಡೋದು. ಒಳಗಿನ 1.8 ಇಂಚಿನ ಹಾರ್ಡ್ ಡಿಸ್ಕೂ ಕಟಕಟ ಅನ್ನೋಕೆ ಶುರುಮಾಡಿತ್ತು. ಡಿಸ್ಕ್ ತೆಗೆದು ಅಡಾಪ್ಟರ್ ಹಾಕಿ ಎಸ್‌ಡಿ ಕಾರ್ಡ್ ಕೂರಿಸಿದ್ರೆ ತಿರುಗೋ ಸಾಮಾನೇ ಇರಲ್ಲ, ಕರೆಂಟೂ ಕಮ್ಮಿ ತಿನ್ನುತ್ತೆ, ಮಿಕ್ಕ ಜಾಗದಲ್ಲಿ ದಪ್ಪ ಬ್ಯಾಟರಿ ಹಿಡಿಯುತ್ತೆ. ಮೂರನ್ನೂ ತರಿಸಿದೆ. ಕೈ ಸ್ವಲ್ಪ ನಡುಗುತ್ತೆ ಅಂತ ನಾನೇ ಬಿಚ್ಚದೆ ಮೈಸೂರಿನ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೊತ್ಕೊಂಡು ಹೋದೆ. ಅದೇ ತಪ್ಪಾಗಿದ್ದು.

"ಇದೇನ್ ಸಾ, ಮ್ಯೂಸಿಯಂ ಪೀಸು! ಫೋನಲ್ಲೇ ಎಲ್ಲಾ ಫ್ರೀ ಸಿಗುತ್ತಲ್ಲ?"

ಸಿಗಲ್ಲಪ್ಪ. ನಮ್ಮೂರ ಹಬ್ಬದಲ್ಲಿ ರಾತ್ರಿಯಿಡೀ ಆಡಿದ ಪೌರಾಣಿಕ ನಾಟಕಗಳ ರೆಕಾರ್ಡಿಂಗು ಯಾವ ಆ್ಯಪ್‌ನಲ್ಲೂ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಒಂದೊಂದು ಮಟ್ಟನ್ನೂ ಎಳೆದೂ ಎಳೆದೂ ನುಡಿಸಿರೋದು ಯಾವನು ಹಾಕ್ತಾನೆ ಅಲ್ಲಿ?

ಇರಲಿ. ಬಾಯಿಬಿಟ್ಟು ಹೇಳಿದೆ. ಹಿಂದಿನ ಸ್ಟೀಲ್ ಮುಚ್ಚಳಕ್ಕೆ ಬ್ಯಾಟರಿ ಅಂಟ್ಕೊಂಡಿದೆ, ಹೆಡ್‌ಫೋನ್ ಕಡೆಯ ಪಟ್ಟಿಯಂಥ ವೈರು ಬೋರ್ಡಿಗೆ ಹೋಗಿದೆ, ಎಳೀಬೇಡಿ, ಪುಸ್ತಕ ತೆರೆದ ಹಾಗೆ ಮೆಲ್ಲಗೆ ತೆರೀರಿ. ಬ್ಯಾಟರಿ ವೈರು ಕಚ್ಕೊಂಡಿರೋ ಕಡೆ ಕಂದು ಬಣ್ಣದ ಪುಟ್ಟ ಚಿಲಕ ಇದೆ, ಉಗುರಲ್ಲಿ ಮೇಲಕ್ಕೆತ್ತಿದ್ರೆ ಸಾಕು, ತಾನೇ ಬಿಡುತ್ತೆ. ಬಿಚ್ಚೋಕೆ ಅಂತಲೇ ಪ್ಲಾಸ್ಟಿಕ್ ಪಟ್ಟಿನೂ ಕೊಟ್ಟೆ.

"ಐಫೋನೇ ಬಿಚ್ತೀವಿ ಸಾ, ಇದ್ಯಾವ ಲೆಕ್ಕ! ಟೀ ಕುಡ್ಕೊಂಡ್ ಬನ್ನಿ."

ಟೀ ಕುಡ್ಕೊಂಡ್ ಬಂದೆ. ನಾನು ಕೊಟ್ಟ ಪ್ಲಾಸ್ಟಿಕ್ ಪಟ್ಟಿ ಮುಟ್ಟಿದ ಹಾಗೇ ಇಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್! ಸ್ಟೀಲ್ ಮುಚ್ಚಳದ ಅಂಚಲ್ಲಿ ಮೂರು ಕಡೆ ನೆಗ್ಗು. ಆ ಚಿಲಕ, ಅಕ್ಕಿಕಾಳಿನಷ್ಟು ಇರಬಹುದು, ಬುಡಸಮೇತ ಕಿತ್ಕೊಂಡು ಬಂದು ನೀಲಿ ಮ್ಯಾಟ್ ಮೇಲೆ ಬಿದ್ದಿದೆ. ಇನ್ನು ಯಾವ ಬ್ಯಾಟರಿ ತಂದ್ರೂ ಕಚ್ಚಿಸೋದೆಲ್ಲಿ? ಹೊಸದೊಂದು ಬೆಸುಗೆ ಹಾಕೋಣ ಅಂದ್ರೆ ಕೂದಲೆಳೆ ಕೆಲಸ, ಈ ಮಹಾಶಯನ ಕೈಲಂತೂ ಆಗಲ್ಲ.

"ಹಳೇ ಮಾಲು ಸಾ, ಹಂಗೇ ಆಗೋದು."

ಹಳೇ ಮಾಲಂತೆ! ಇಷ್ಟು ವರ್ಷ ನನ್ನ ಜೇಬಲ್ಲಿ ಬದುಕಿದೆ, ಒಂದ್ಸಲ ಗದ್ದೆ ಬದುವಿನ ಮೇಲೆ ಬಿದ್ದೂ ಬದುಕಿದೆ. ನಿನ್ನ ಕೈಲಿ ಹತ್ತು ನಿಮಿಷ ಬದುಕಲಿಲ್ಲವಲ್ಲಯ್ಯಾ! ಗೊತ್ತಿಲ್ಲ ಅಂದಿದ್ರೆ ಬೇಜಾರೇ ಇರ್ಲಿಲ್ಲ, ವಾಪಸ್ ತರ್ತಿದ್ದೆ. "ಗೊತ್ತಿಲ್ಲ" ಅನ್ನೋಕೆ ಇವರಿಗೆ ಯಾಕಷ್ಟು ಕಷ್ಟ?

ಗಾಯದ ಮೇಲೆ ಬರೆ ಅಂದ್ರೆ ಆ ಕಾರ್ಡು. ಮನೇಲಿ ಕಂಪ್ಯೂಟರಿಗೆ ಹಾಕಿ, ಕಾರ್ಡಲ್ಲಿ ನಿಜವಾಗಿ ಎಷ್ಟು ಜಾಗ ಇದೆ ಅಂತ ಪರೀಕ್ಷಿಸೋ ಎಚ್‌2ಟೆಸ್ಟ್‌ಡಬ್ಲ್ಯೂ ಅನ್ನೋ ಪ್ರೋಗ್ರಾಂ ಓಡಿಸಿದೆ. ಮೇಲೆ 256 ಜಿಬಿ ಅಂತ ಅಚ್ಚು, ಒಳಗೆ ನಿಜವಾಗಿ ಇರೋದು 32. ಅಷ್ಟು ತುಂಬಿದ ಮೇಲೆ ಏನು ಹಾಕಿದ್ರೂ ತಗೊಂಡ ಹಾಗೆ ನಟಿಸುತ್ತೆ, ತೆರೆದ್ರೆ ಬರೀ ಕಸ. ತರಿಸಿದ ದಿನವೇ ಪರೀಕ್ಷೆ ಮಾಡದೇ ಇದ್ದದ್ದು ನನ್ನ ಬುದ್ಧಿಗೇಡಿತನ, ಒಪ್ಕೋತೀನಿ.

ಆದ್ರೆ ಆ ಅಂಗಡಿಯವನು "ಬಿಚ್ಚಿದ ಕೂಲಿ" ಅಂತ 400 ರೂಪಾಯಿ ಕೇಳಿದ್ನಲ್ಲ, ಅದನ್ನ ಒಪ್ಕೊಳ್ಳಲ್ಲ. ಬಿಲ್ ಕೊಡಪ್ಪ ಅಂದೆ.

"ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಸಾ" ಅಂದ.