ಹತ್ತು ಕಿಲೋ ಹುಣಸೆಹಣ್ಣು, ಒಂದು ಹೆಬ್ಬೆರಳು

ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ತಪ್ಪು ಕಂಡರೆ ಹುಣಸೆಹಣ್ಣಿಗೆ ಬೈಯಿರಿ.

ಕಲಬುರಗಿಯ ಏಪ್ರಿಲ್ ಗೊತ್ತಲ್ಲ, ಬೆಳಿಗ್ಗೆ ಹತ್ತಕ್ಕೇ ಮಾಳಿಗೆ ಕಾದ ಹಂಚು. ಅಂಥದ್ದರಲ್ಲಿ ಮನೆಯಾಕೆ ವರ್ಷಕ್ಕಾಗುವಷ್ಟು ಹುಣಸೆಹಣ್ಣು ತಂದಳು, ಬೀಜ ಸಮೇತ. ಬೀಜ ತೆಗೆದದ್ದು ತುಟ್ಟಿಯಂತೆ. "ಮನ್ಯಾಗ ನೀವು ಇದ್ದೀರಲ್ಲ" ಅಂದಳು. ನೋಡಿ, ತೊಗರಿಯೂ ಹುಣಸೆಯೂ ಒಂದೇ ಸಸ್ಯ ಕುಟುಂಬದ ದಾಯಾದಿಗಳು. ನಮ್ಮ ತೊಗರಿಗೆ 2019ರಲ್ಲಿ 'ಇದು ಈ ಊರಿನದೇ' ಅನ್ನುವ ಜಿಐ ಟ್ಯಾಗ್ ಸಿಕ್ಕಿತು, ಒಡೆಯೋಕೆ ಊರ ತುಂಬ ದಾಲ್ ಮಿಲ್ಲುಗಳಿವೆ. ಹುಣಸೆಗೆ ಇರೋದು ನಾನು, ಒಂದು ಸುತ್ತಿಗೆ.

ಅಷ್ಟರಲ್ಲಿ ಪಕ್ಕದ ಮನೆ ಕಾಕು ಬಂದರು, ಸಹಾಯಕ್ಕೆ. ಕೂತವರೇ "ಹುಳಿ ಹ್ಯಾಂಗದ ನೋಡ್ತೀನಿ ತಮ್ಮಾ" ಅಂತ ಒಂದು ಬಾಯಿಗೆ ಹಾಕಿಕೊಂಡರು. ಒಂದು ಕಣ್ಣು ಮುಚ್ಚಿತು, ಭುಜ ನಡುಗಿತು, ನಾಲಿಗೆ ಟಕ್ ಅಂತು. "ಭಾಳ ಹುಳಿ." ಎರಡನೆಯದು ಬಾಯಿಗೆ ಹೋಯಿತು. "ಇದು ಜರಾ ಸಿಹಿ." ಮೂರನೆಯದು, ಮೊದಲಿನ ಎರಡರಲ್ಲಿ ಯಾವುದು ಖರೆ ಅಂತ ನೋಡೋಕೆ. ಹನ್ನೊಂದರ ತನಕ ಎಣಿಸಿದೆ. ಅವರ ಸುತ್ತಿಗೆ ಮಾತ್ರ ಇಟ್ಟಲ್ಲೇ ಇತ್ತು. ಹನ್ನೆರಡನೆಯದಕ್ಕೆ ಕೈ ಚಾಚಿದ್ದನ್ನು ನೋಡುತ್ತಾ ನಾನು ಬಾರಿಸಿದೆ, ಹೆಬ್ಬೆರಳಿನ ಮೇಲೆ. ಚರ್ಮ ಕಿತ್ತಿತು. ಹುಣಸೆಹುಳಿ ಹಿತ್ತಾಳೆ ಕೊಡವನ್ನು ಫಳಫಳ ಹೊಳೆಸುತ್ತದೆ ಅಂತ ಕೇಳಿದ್ದೆ. ಗಾಯಕ್ಕೆ ತಾಗಿದರೆ ಕಣ್ಣಲ್ಲೂ ಅದೇ ಹೊಳಪು ಬರುತ್ತದೆ.

"ಅಯ್ಯ ತಮ್ಮಾ, ಬೆರಳು ನಡುವ ಯಾಕ ಇಟ್ಟಿ?" ಅಂದರು ಕಾಕು, ಬೀಜ ಉಗುಳುತ್ತಾ.

ಆ ಬೀಜ ನನ್ನ ಕಾಲ ಹತ್ತಿರ ಉರುಳಿ ಬಂತು. ಕಂದು ಬಣ್ಣ, ನುಣ್ಣಗೆ. ಅಜ್ಜಿ ಇಂಥವನ್ನೇ ಕಲ್ಲಿಗೆ ಉಜ್ಜಿ, ಒಂದು ಮಗ್ಗುಲು ಬೆಳ್ಳಗೆ ಮಾಡಿ ಚೌಕಾಬಾರ ಆಡಿಸುತ್ತಿದ್ದಳು. ತನ್ನ ನಾಲ್ಕು ಬೀಜ ಎಲೆ ಅಡಿಕೆ ಚೀಲದಲ್ಲೇ ಬೇರೆ ಇಟ್ಟಿರುತ್ತಿದ್ದಳು. ಅವು ಅವಳಿಗೆ ಬೇಕಾದಾಗೆಲ್ಲ ನಾಲ್ಕು ಬೀಳುತ್ತಿದ್ದವು. ಏನು ಮೋಸ ಅಂತ ಕೊನೆಗೂ ಹೇಳಲಿಲ್ಲ. ನಾನೂ ಕೇಳದೆ ಸುಮ್ನೆ ಸೋಲುತ್ತಿದ್ದೆ.

ಸಂಜೆ ಉಪ್ಪು ಹಾಕಿ ಭರಣಿಗೆ ತುಂಬುವಾಗ ಮನೆಯಾಕೆ ಕೇಳಿದಳು, "ಹತ್ತು ಕಿಲೋಕ್ಕ ಹಣ್ಣು ಇಷ್ಟೇನ್ರಿ?"

"ಬೀಜ ಜಾಸ್ತಿ ಇದ್ದವು" ಅಂದೆ.

ಪಕ್ಕದ ಮಾಳಿಗೆಯಿಂದ ಕಾಕು ಕೂಗಿದರು: "ಈ ಸಲದ ಹಣ್ಣು ಛಲೋ ಅದ ನೋಡವ್ವ! ನಾಳಿಗೂ ಕುಟ್ಟೂದು ಐತೇನು?"